ಮಜ್ಜಿಗೆಯ ಕಾಲುವೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನಮ್ಮ ಶೇಖರಪ್ಪ ಮಾಮ. ಅವ್ವನ ಖಾಸಾ ತಮ್ಮ. ಡ್ಯಾಮಿನ ಮಗ್ಗುಲಲ್ಲೇ ಇರುವ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಸಾಹೇಬರ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಆಯುಷ್ಯ ಕಳೆದಿದ್ದರಿಂದ, ಒಳಗೆ ನಡೆಯುವುದೆಲ್ಲ ತನಗೆ ಗೊತ್ತು ಎಂಬ ನಂಬಿಕೆ ಅವನಿಗಿತ್ತು. ನಮ್ಮ ಮನೆತನದಲ್ಲಿ ಕಚೇರಿಯನ್ನು ಅಷ್ಟು ಹತ್ತಿರದಿಂದ ನೋಡಿದವನು ಅವನೊಬ್ಬನೇ. ಹಾಗಾಗಿ ಆ ನಂಬಿಕೆಯನ್ನು ಯಾರೂ ಅಲುಗಾಡಿಸಲು ಹೋಗಿರಲಿಲ್ಲ.

ಹವಾಮಾನ ಬದಲಾವಣೆಯ ಬಗ್ಗೆ ತರಬೇತಿ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ ಎಂದು ಹೇಳಿದಾಗ, ಮಾಮ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಕೇಳಿದ.

“ಯಾರಿಗೆ ಕೊಡಾಕಿ ನೀ ಟ್ರೇನಿಂಗು?”

“ಸಂಸ್ಥಾದಾಗ ಕೆಲಸ ಮಾಡೋರಿಗೆ ಮಾಮಾ.”

“ಅವರು ಓದ್ಯಾರೇನು?”

“ಓದ್ಯಾರ.”

“ಮತ್ತ ನಿನ್ನ ಕಡಿಂದ ಏನು ಕಲೀತಾರವ್ರು? ನೋಡು ದ್ಯಾಮಿ, ಟ್ರೇನಿಂಗ್ ಕೊಡಾವ್ರನ್ನ ನಾ ಭಾಳ ಮಂದಿ ನೋಡೀನಿ. ಬರೂವಾಗ ಸೂಟ್‌ಕೇಸ್ ತರ್ತಾರ. ಇಂಗ್ಲಿಷ್‌ನಾಗ ಬೈತಾರ. ಮಧ್ಯಾಹ್ನ ಮೊಸರನ್ನ ಉಂಡು ಮಲಗ್ತಾರ. ಇದರಾಗ ನಿನಗ ಯಾವುದು ಬರ್ತೈತಿ ಹೇಳು?”

ಮೊಸರನ್ನ ಉಂಡು ಮಲಗುವುದು ನನಗೂ ಚೆನ್ನಾಗಿ ಬರುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅದನ್ನು ಅರ್ಹತೆ ಎಂದು ಮಂಡಿಸುವ ಧೈರ್ಯ ಬರಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಗಂಗಾವತಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಮಜ್ಜಿಗೆಯವನು ಬಂದ. ನಾನು ಪಕ್ಕದವರ ಕಡೆ ಕೈ ಮಾಡಿ “ಮೊದಲ ಅವರಿಗೆ ಹಾಕ್ರಿ” ಎಂದೆ. ಅವರು ತಮ್ಮ ಪಕ್ಕದವರ ಕಡೆ ಕೈ ಮಾಡಿದರು. ಹೀಗೆ ಕೈ ಮಾಡುತ್ತಾ ಮಾಡುತ್ತಾ ಮಜ್ಜಿಗೆಯವನು ಪಂಕ್ತಿಯ ಕೊನೆಗೆ ಹೋಗಿ, ಅಲ್ಲಿಂದ ಹಾಗೆಯೇ ಅಡಿಗೆಮನೆಗೆ ಹೊರಟುಹೋದ. ಯಾರ ಲೋಟಕ್ಕೂ ಒಂದು ಹನಿ ಬಿದ್ದಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು, ಈಕೆಗೆ ಏನೋ ಆಗಿದೆ ಎನ್ನುವಂತೆ ತನ್ನ ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಂಡಳು. ಆಕೆಗೆ ಹೇಳಲಾಗದ ಕಥೆಯನ್ನು ನಿಮಗೆ ಹೇಳುತ್ತಿದ್ದೇನೆ.

ನಮ್ಮದು ಕುಷ್ಟಗಿ ತಾಲೂಕು, ತಾವರಗೇರಾದ ಆಚೆ ಒಂದು ಹಳ್ಳಿ. ನಾನು ಸಾಲಿ ಕಲಿಯುವಾಗ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಮಾಸ್ತರು ಎಲ್ಲರಿಗೂ ಪಾಟಿ ತೆಗೆಸಿ, ‘ರಾಯಚೂರು ಜಿಲ್ಲೆ’ ಎಂದು ಬರೆದಿದ್ದನ್ನು ಉಗುಳು ಹಚ್ಚಿ ಒರೆಸಿಸಿ, ‘ಕೊಪ್ಪಳ ಜಿಲ್ಲೆ’ ಎಂದು ಬರೆಸಿದರು. ಜಿಲ್ಲೆಯೊಂದು ಹುಟ್ಟುವುದು ಇಷ್ಟು ಸುಲಭವೇ ಎಂದು ನನಗೆ ಆಶ್ಚರ್ಯವಾಗಿತ್ತು. ಮನೆಗೆ ಬಂದು ಅವ್ವನಿಗೆ ಹೇಳಿದರೆ, ಕಳೆ ತೆಗೆದು ಬಂದು ಕಾಲು ತೊಳೆಯುತ್ತಿದ್ದ ಆಕೆ ಕೇಳಿದ್ದು ಇಷ್ಟೇ: “ಆ ಜಿಲ್ಲಾದಾಗರ ಮಳಿ ಬರ್ತೈತೇನು ಕೇಳಿದಿ?” ನನ್ನ ಬದುಕಿನ ಮೊದಲ ಹವಾಮಾನ ಚರ್ಚೆ ಅದೇ ಇರಬೇಕು.

ನಾನು ಬಿ.ಎ. ಪಾಸಾದೆ. ನಮ್ಮ ಮನೆಯಲ್ಲಿ ಮೊದಲು. ಅಪ್ಪನ ಕಡೆಯೂ, ಅವ್ವನ ಕಡೆಯೂ, ಎಣಿಸುತ್ತಾ ಹಿಂದೆ ಹೋದರೆ ಎಷ್ಟು ಹಿಂದೆ ಹೋದರೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕುಷ್ಟಗಿಯ ಬಸ್ಸಿನಲ್ಲಿ ಕುರಿಮರಿ, ಹಾಲಿನ ಕ್ಯಾನು, ಬೀಜದ ಚೀಲಗಳ ನಡುವೆ ನಿಂತು ಓದಿದ ಪದವಿ ಅದು. ಕೂತು ಓದಿದವರು ಬೇಕಾದರೆ ಸಂಕೋಚಪಡಲಿ. ಫಲಿತಾಂಶ ಬಂದ ವಾರವೇ ಓಣಿಯವರೆಲ್ಲ ನನ್ನ ಹತ್ತಿರ ಇಂಗ್ಲಿಷ್ ತರತೊಡಗಿದರು. ಗೊಬ್ಬರದ ಚೀಲ, ಕೆಮ್ಮಿನ ಔಷಧಿಯ ಬಾಟಲಿ, ಕರೆಂಟಿನ ಬಿಲ್ಲು, ಮಿಕ್ಸರ್ ಜೊತೆ ಬಂದ ಕಾಗದ. ಕೆಮ್ಮಿನ ಔಷಧಿಯ ಮೇಲೆ ‘ಅಲುಗಾಡಿಸಿ ಬಳಸಿ’ ಎಂದಿದೆ ಎಂದು ಹೇಳಿದ್ದಕ್ಕೆ, ಎದುರುಮನೆಯ ಅಜ್ಜ ಔಷಧಿ ಕುಡಿದು ತಾನೇ ಅಲುಗಾಡಿದ. ಕೆಮ್ಮು ನಿಂತಿತಂತೆ. ಅದರ ಶ್ರೇಯಸ್ಸೂ ನನ್ನ ಪದವಿಗೇ ಬಂತು.

ಆಮೇಲೆ ಕೊಪ್ಪಳದ ಒಂದು ಸಂಸ್ಥೆಯಲ್ಲಿ ವರದಿ ಟೈಪು ಮಾಡುವ ಕೆಲಸ ಸಿಕ್ಕಿತು. ಸಂಸ್ಥೆಯಲ್ಲಿ ಎರಡು ಜಾತಿಯ ಜನರಿದ್ದರು. ಒಂದು, ಹೊಳೆ ಉಕ್ಕಿದಾಗ ಕಂಬಳಿ, ಕೊಡ, ಅಕ್ಕಿ ಹಂಚುವ ಪರಿಹಾರದವರು. ಇನ್ನೊಂದು, ಉಳಿದ ಕಾಲದಲ್ಲಿ ಬದು ಹಾಕಿಸಿ, ಮಹಿಳಾ ಸಂಘ ಕಟ್ಟಿಸುವ ಅಭಿವೃದ್ಧಿಯವರು. ಮೊದಲಿನವರು ಕೆಟ್ಟ ದಿನ ಬಂದ ಮೇಲೆ ಹೋಗುವವರು, ಎರಡನೆಯವರು ಅದು ಬರುವ ಮುಂಚೆ ಹೋಗುವವರು. ಎದುರು ಬದುರು ಬಂದರೆ “ಏನ್ರಿ ಆರಾಮ?” ಎನ್ನುವುದಕ್ಕಿಂತ ಹೆಚ್ಚಿನ ಮಾತು ಇವರ ನಡುವೆ ಇರಲಿಲ್ಲ. ಇಬ್ಬರನ್ನೂ ಒಂದೇ ಹಾಲ್‌ನಲ್ಲಿ ಕೂಡಿಸಿ ಹವಾಮಾನ ಬದಲಾವಣೆ ಕಲಿಸಬೇಕೆಂದು ಬೆಂಗಳೂರಿನ ಮುಖ್ಯ ಕಚೇರಿಯಿಂದ ಹುಕುಂ ಬಂತು. ಕಲಿಸಬೇಕಾದವರು ಬೇರೆ ಸಂಸ್ಥೆಗೆ ಹೋಗಿಬಿಟ್ಟಿದ್ದರು. ಖಾಲಿ ಕೂತವಳಂತೆ ಕಂಡವಳು ನಾನು.

ಸಂಗತಿ ಇಷ್ಟು. ನನ್ನ ಒಪ್ಪಂದ ಆ ತಿಂಗಳಿಗೆ ಮುಗಿಯುತ್ತಿತ್ತು. ಟೈಪಿಂಗ್ ಕೆಲಸವನ್ನು ಬೆಂಗಳೂರಿಗೇ ಎಳೆದುಕೊಳ್ಳುತ್ತಿದ್ದರು. ಮೊದಲ ತರಬೇತಿಯನ್ನು ಮುಖ್ಯ ಕಚೇರಿಯ ಮೇಡಮ್ ಬಂದು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ನಾನು ನಾಲ್ಕೂ ತಾಲೂಕಿಗೆ ತರಬೇತುದಾರಳು. ಒಪ್ಪಿಗೆಯಾಗದಿದ್ದರೆ ಮನೆಗೆ. ಮನೆಯಲ್ಲಿ ಮಾಮ ನನಗೊಂದು ಜಾಗ ಗೊತ್ತು ಮಾಡಿಟ್ಟಿದ್ದ: ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಲಾರಿಗೆ ಏರುವ ಚೀಲ ಎಣಿಸಿ ಗೀಟು ಹಾಕುವುದು. “ಫ್ಯಾನ್ ಕೆಳಗ ಕುರ್ಚಿ” ಎಂದು ಅದನ್ನು ವರ್ಣಿಸುತ್ತಿದ್ದ. ಗೀಟು ಎಳೆಯಲು ಬಿ.ಎ. ಯಾಕೆ ಬೇಕು ಎಂದು ಕೇಳಿದರೆ, “ಗೀಟು ಸೀದಾ ಬರ್ತಾವ” ಎನ್ನುತ್ತಿದ್ದ.

ಮುಖ್ಯ ಕಚೇರಿಯವರು ಕೈಪಿಡಿ ಕಳಿಸಿದ್ದರು. ಮೊದಲ ಪುಟದಲ್ಲೇ ಬಿಳಿ ಕರಡಿ. ಒಂದು ಸಣ್ಣ ಮಂಜುಗಡ್ಡೆಯ ಮೇಲೆ, ನಿಲ್ದಾಣ ತಪ್ಪಿ ಇಳಿದ ಪ್ರಯಾಣಿಕನಂತೆ ನಿಂತಿತ್ತು. ಮೊದಲ ದಿನ ಅದನ್ನು ಪರದೆಯ ಮೇಲೆ ತೋರಿಸಿ, “ಇದನ್ನು ನೋಡಿದಾಗ ನಿಮಗೆ ಏನನ್ನಿಸುತ್ತದೆ?” ಎಂದು ಕೈಪಿಡಿಯಲ್ಲಿದ್ದಂತೆಯೇ ಕೇಳಿದೆ. ಯಲಬುರ್ಗಾದ ಮಹಾದೇವಿ ಎದ್ದು ನಿಂತಳು. ಮಹಿಳಾ ಸಂಘಗಳನ್ನು ಕಟ್ಟಿ ಕಟ್ಟಿ ಗಂಟಲು ಗಟ್ಟಿಯಾದ ಹೆಂಗಸು.

“ಅಕ್ಕಾರ, ಇದು ಹೊಲಕ್ಕ ಬರ್ತೈತೇನ್ರಿ?”

“ಇಲ್ಲ, ಇದು ಉತ್ತರ ಧ್ರುವದಾಗ ಇರ್ತೈತಿ.”

“ಹಂಗಾರ ಬಿಡ್ರಿ. ನಮ್ಮ ಗುಡ್ಡದ ಕರಡಿಗೆ ಹಣ್ಣು ಸಿಗವಲ್ದಾಗಿ ಶೇಂಗಾ ಹೊಲಕ್ಕ ಇಳದೈತಿ. ಮೊದಲ ಅದರ ಫೋಟೋ ಹಾಕ್ರಿ.”

ಆಮೇಲಿನ ಒಂದು ಗಂಟೆ ಕರಡಿಯ ಬಗ್ಗೆಯೇ ಆಯಿತು. ಯಾರ ಮಾವನನ್ನು ಎಲ್ಲಿ ಅಟ್ಟಿಸಿಕೊಂಡು ಬಂತು, ಯಾರು ಪಂಚೆ ಬಿಟ್ಟು ಓಡಿದರು, ಇತ್ಯಾದಿ. ಹಿಂದೆ ಕೂತ ಮೇಡಮ್ ಏನೋ ಬರೆದುಕೊಂಡರು. ತರಬೇತಿಯಲ್ಲಿ ಹಿಂದೆ ಕೂತವರು ಬರೆದುಕೊಳ್ಳುವುದು ಎಷ್ಟು ಭಯಂಕರ ಎಂಬುದು ಮುಂದೆ ನಿಂತವರಿಗೇ ಗೊತ್ತು.

ಈ ತರಬೇತಿಗಳಿಗೆ ಅವುಗಳದೇ ಆದ ವ್ರತ ನಿಯಮಗಳಿವೆ. ಮೊದಲು ನಿರೀಕ್ಷೆಗಳನ್ನು ಚೀಟಿಯಲ್ಲಿ ಬರೆಸಬೇಕು. ಬರೆಸಿದೆ. ಹೆಚ್ಚಿನವರ ನಿರೀಕ್ಷೆ ‘ವೇಳೆಗೆ ಸರಿಯಾಗಿ ಬಿಡಬೇಕು’ ಎಂದಿತ್ತು. ಒಬ್ಬರದು ‘ಪಲ್ಯ ಎರಡು ಇರಲಿ’. ಊಟವಾದ ಮೇಲೆ ನಿದ್ದೆ ಓಡಿಸಲು ಆಟ ಆಡಿಸಬೇಕು. ಮೀಸೆ ತಿರುವುವ ಗಂಡಸರನ್ನು ಸುತ್ತ ನಿಲ್ಲಿಸಿ ಕಪ್ಪೆಯಂತೆ ಕುಪ್ಪಳಿಸಲು ಹೇಳಿದೆ. ಕುಪ್ಪಳಿಸಿದರು. ನಮ್ಮವರು ದೊಡ್ಡವರು. ಹೇಳಿದವರ ಮುಖ ಸಣ್ಣದಾಗಬಾರದೆಂದು ಏನು ಬೇಕಾದರೂ ಮಾಡುತ್ತಾರೆ. ಆದರೆ ಹವಾಮಾನದ ಮಾತು ತೆಗೆದರೆ ಮಾತ್ರ ಸಭೆ ಎರಡಾಗುತ್ತಿತ್ತು. ಕಾರಟಗಿ, ಗಂಗಾವತಿಯ ಕಾಲುವೆ ಸೀಮೆಯವರು “ನಮಗ ಡ್ಯಾಮ್ ಐತಿ” ಎಂದು ಕೈಕಟ್ಟಿ ಕೂತರು. ಕುಷ್ಟಗಿ, ಯಲಬುರ್ಗಾದವರು “ನಮಗ ಮೊದಲಿಂದಾನೂ ಇಲ್ಲ, ಹೊಸಾದೇನು ಬದಲಾಗ್ತೈತಿ?” ಎಂದು ಕೈಕಟ್ಟಿ ಕೂತರು. ಪರಿಹಾರದವರು “ಹೊಳಿ ಬಂದ್ರ ಕರೀರಿ” ಎಂದು ಮೊಬೈಲ್ ನೋಡಿದರು.

ಎರಡನೆಯ ದಿನ ಸಂಜೆ ಮೇಡಮ್ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯವರೇ. ಬೈಯುವಾಗಲೂ ಮೊದಲು ನೀರು ಕುಡಿಸುತ್ತಿದ್ದರು.

“ದ್ಯಾಮವ್ವ, ಜನ ಖುಷಿಯಾಗಿದ್ದಾರೆ, ಅದು ಸರಿ. ಆದರೆ ಕಲಿತಿದ್ದೇನು ಅಂತ ನಾನು ಬರೀಬೇಕಲ್ಲ. ನಾಳೆ ಒಂದಾದರೂ ಕಾಣಬೇಕು. ಇಲ್ಲಾಂದ್ರೆ ಕಷ್ಟ.”

ಕಷ್ಟ ಯಾರಿಗೆಂದು ಗೊತ್ತೇ ಇತ್ತು. ಕಣ್ಣೆದುರು ಕಾರಟಗಿ ಗಿರಣಿಯ ಲಾರಿ ನಿಂತಿತ್ತು, ಚೀಲಗಳು ಏರುತ್ತಿದ್ದವು.

ಮರುದಿನ ಬೆಳಿಗ್ಗೆ ಕೈಪಿಡಿ ಮುಚ್ಚಿಟ್ಟು ನನ್ನದೇ ಒಂದು ಆಟ ಹೂಡಿದೆ. ವೇದಿಕೆಯಿಂದ ಬಾಗಿಲವರೆಗೆ ಕುರ್ಚಿಗಳ ಒಂದು ಸಾಲು. ಅದು ಕಾಲುವೆ. ತುದಿಯಲ್ಲಿ ಮೇಜಿನ ಮೇಲೆ ಒಂದು ಕೊಡ ಮಜ್ಜಿಗೆ. ಅದು ಡ್ಯಾಮ್. ಕಾಲುವೆ ಸೀಮೆಯವರು ಕುರ್ಚಿಯ ಮೇಲೆ, ಕೈಯಲ್ಲಿ ಲೋಟ. ಒಣ ಸೀಮೆಯವರು ಪಕ್ಕದಲ್ಲಿ ಜಮಖಾನೆಯ ಮೇಲೆ, ಲೋಟವಿಲ್ಲ. ಪರಿಹಾರದವರು ಗೋಡೆಗೆ ಒರಗಿ ನೋಡುವುದು. ಕೊಡದಿಂದ ಒಂದು ಜಗ್ ತುಂಬಿ ಕೊಟ್ಟರೆ, ಒಬ್ಬೊಬ್ಬರೂ ಬೇಕಾದಷ್ಟು ಬಗ್ಗಿಸಿಕೊಂಡು ಮುಂದಿನವರಿಗೆ ದಾಟಿಸುವುದು. ಮೇಲಿನವರು ತುಂಬಿಸಿಕೊಳ್ಳುತ್ತಾರೆ, ಬಾಗಿಲ ಬಳಿಯವರಿಗೆ ಖಾಲಿ ಜಗ್ ಬರುತ್ತದೆ, ಆಮೇಲೆ ನಾನು ಪಾಠ ಹೇಳುತ್ತೇನೆ. ಕಾಗದದ ಮೇಲೆ ಎಷ್ಟು ಚೆಂದ ಇತ್ತೆಂದರೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಮಾಮ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ.

“ಗಿರಣಿ ಮಾಲಕರು ನಾಳಿಯಿಂದ ಬಾ ಅಂದಾರ. ನಿಂದು ಮುಗೀತಂದ್ರ ಇಬ್ಬರೂ ಕೂಡೇ ಹೋಗೂಣು.”

“ಮುಗದಿಲ್ಲ ಮಾಮಾ. ಕೂಡು ಸ್ವಲ್ಪ.”

ಅವನು ಕೂತ. ಹಿಂದಲ್ಲ, ಮೇಡಮ್ ಪಕ್ಕದ ಕುರ್ಚಿಯಲ್ಲಿ. ಕೊಡದ ಹತ್ತಿರ ಒಬ್ಬರು ಬೇಕು ಎಂದು ನಾನು ಹೇಳುವಷ್ಟರಲ್ಲಿ ಎದ್ದೂ ಬಂದ. “ಡ್ಯಾಮಿನ ವಿಷಯ ಬಂದ್ರ ನಾವ ನಿಲ್ಲಬೇಕಲ್ಲ” ಎಂದು ಮೇಡಮ್‌ಗೆ ವಿವರಿಸಿದ. ಅವನ ಸೇವಾವಧಿಯಲ್ಲಿ ಡ್ಯಾಮಿನ ಗೇಟನ್ನು ಅವನು ಮುಟ್ಟಿದ್ದೇ ಇಲ್ಲ. ಮುಟ್ಟಿದ್ದೇನಿದ್ದರೂ ಚಹಾದ ತಟ್ಟೆ. ಆ ಆಸೆ ಒಳಗೇ ಉಳಿದಿತ್ತೆಂದು ಕಾಣುತ್ತದೆ. ಕೊಡದ ಮೇಲೆ ಎರಡೂ ಕೈ ಇಟ್ಟು ನಿಂತುಬಿಟ್ಟ.

“ಬಿಡು ಮಾಮಾ.”

“ಬಾಯಿಮಾತಿಲೆ ಡ್ಯಾಮ್ ಬಿಡಂಗಿಲ್ಲ. ಮ್ಯಾಲಿನಿಂದ ಆರ್ಡರ್ ಬರಬೇಕು.”

“ಇಲ್ಲಿ ಮ್ಯಾಲಿನವರು ಯಾರದಾರ?”

“ಅದು ನನಗ ಗೊತ್ತಿಲ್ಲ. ಬರ್ಲಿ.”

ಕೊನೆಗೆ ಮೇಡಮ್ಮೇ ಎದ್ದು, “ಸರ್, ನಾನು ಹೇಳ್ತಿದ್ದೀನಿ, ಬಿಡಿ” ಎಂದರು. ಮಾಮ ಅವರ ಕೊರಳಿನ ಗುರುತಿನ ಚೀಟಿಯನ್ನು ಒಮ್ಮೆ ನೋಡಿ ಜಗ್ ತುಂಬಿಸಿದ.

ಮೊದಲ ಕುರ್ಚಿಯಲ್ಲಿ ಸತ್ಯಣ್ಣ, ಕಾಲುವೆ ಬಂದ ಮೇಲೆ ಕಾರಟಗಿ ಕಡೆ ಎದ್ದ ಕ್ಯಾಂಪ್ ಊರೊಂದರವನು. ಸ್ವಂತ ಗದ್ದೆ ಉಳ್ಳವನು, ಧಾರಾಳಿ. ಜಗ್ ಕೈಗೆ ಬಂದದ್ದೇ ಪಕ್ಕಕ್ಕೆ ತಿರುಗಿದ.

“ತಗೋರಿ, ಮೊದಲ ನೀವು.”

“ಏ ಇಲ್ರಿ, ನಿಮ್ಮದಾಗ್ಲಿ.”

“ನಮ್ಮದೇನೈತ್ರಿ, ಮುಂದ ಹಿರಿಯಾರು ಅದಾರ, ಅವರಿಗೆ ಕೊಡ್ರಿ.”

ಜಗ್ ಹೊರಟಿತು. ಪ್ರತಿಯೊಬ್ಬರೂ ಎರಡೂ ಕೈಯಿಂದ ತೆಗೆದುಕೊಂಡು, ಎರಡೂ ಕೈಯಿಂದ ಮುಂದಕ್ಕೆ ಕೊಟ್ಟರು. ಒಬ್ಬನೂ ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳಲಿಲ್ಲ. ಹತ್ತು ಜನರೆದುರು ಪಕ್ಕದವನಿಗೆ ಕೇಳದೆ ಕುಡಿದರೆ ಊರಿಗೆ ಹೋಗಿ ಮುಖ ತೋರಿಸುವುದು ಹೇಗೆ? ಬಾಗಿಲ ಬಳಿಯ ಕೊನೆಯ ಮನುಷ್ಯನಿಗೆ ಜಗ್ ಮುಟ್ಟಿದಾಗ ಅದು ಹೊರಟಷ್ಟೇ ತುಂಬಿತ್ತು. ಅವನು ನಾಚಿಕೊಂಡು ಎದ್ದು ಹೋಗಿ ಜಮಖಾನೆಯ ಮೇಲಿನ ಮಹಾದೇವಿಗೆ ಹಿಡಿದ. “ನಮಗ್ಯಾಕ್ರಿ, ಪಾಪ ನೀವ ಕುಡೀರಿ” ಎಂದು ಆಕೆ ಹಿಂದಿರುಗಿಸಿದಳು. ಜಗ್ ತಿರುಗಿ ಮುನಿರಾಬಾದಿಗೇ ಬಂತು. ಮಾಮ ಅದನ್ನು ಕೊಡಕ್ಕೆ ಸುರಿದು, “ಪೂರಾ ಜಮಾ” ಎಂದ.

ಲೋಕದ ಯಾವ ಕಾಲುವೆಯಲ್ಲೂ ಹೀಗೆ ಆಗಿರಲಾರದು. ಮೇಡಮ್ ಪೆನ್ನು ಹಿಡಿದು ಕೂತಿದ್ದರು, ಬರೆಯುತ್ತಿರಲಿಲ್ಲ. ಬರೆಯದಿರುವುದು ಬರೆಯುವುದಕ್ಕಿಂತ ಭಯಂಕರ ಎಂದು ಆಗ ಗೊತ್ತಾಯಿತು. ನನ್ನ ಆಟವನ್ನು ಮುರಿದದ್ದು ನಮ್ಮ ಜನರ ಮರ್ಯಾದೆ. ಅದನ್ನು ಬೈಯುವ ಹಾಗೂ ಇಲ್ಲ. ನಾನೂ ಆ ಸಾಲಿನಲ್ಲಿ ಕೂತಿದ್ದರೆ ಅದನ್ನೇ ಮಾಡುತ್ತಿದ್ದೆ.

ಹಾಗೆಂದುಕೊಂಡಾಗಲೇ ಒಂದು ಹೊಳೆಯಿತು. ನಾನು ಮಜ್ಜಿಗೆ ಹಂಚದೆ ಕುಡಿಯುವವಳಲ್ಲ. ಆದರೆ ನಮ್ಮ ಒಂದು ಎಕರೆ ಹೊಲದ ಬದುವಿನ ಮೇಲೆ ಹರಿದುಹೋಗುವ ಮಳೆನೀರನ್ನು ಪಕ್ಕದವರಿಗೆ ಬಿಟ್ಟುಕೊಟ್ಟವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಕೊಡವನ್ನು ಎತ್ತಿ ಅರ್ಧ ಮಜ್ಜಿಗೆಯನ್ನು ಬಕೆಟ್ಟಿಗೆ ಸುರಿದುಬಿಟ್ಟೆ. ಮಾಮ “ಏ, ಏ” ಎಂದ.

“ಕೇಳ್ರಿ. ಇದು ಮಜ್ಜಿಗಿ ಅಲ್ಲ. ಈ ಸರ್ತಿ ಮಳಿ ತಡ ಆಗೈತಿ. ಡ್ಯಾಮ್ ಅರ್ಧ ತುಂಬೇತಿ. ನೀವು ನಾಟಿ ಹಚ್ಚೀರಿ. ಬಿಸಲು ಹೆಂಗೈತಿ ನೋಡ್ರಿ. ಗದ್ದಿ ಬಿರಕು ಬಿಟ್ಟೈತಿ. ಸತ್ಯಣ್ಣಾರ, ನಿಮ್ಮ ಗದ್ದಿ. ಈಗ ನೀರು ಬಂತು.”

ಹಾಲ್‌ನಲ್ಲಿ ಗಾಳಿಯೇ ಬದಲಾಯಿತು. ನಾನು ಅರ್ಧ ತುಂಬಿ ಕೊಟ್ಟ ಜಗ್ ತೆಗೆದುಕೊಂಡು ಸತ್ಯಣ್ಣ ಅದರೊಳಗೆ ಇಣುಕಿದ. ಪಕ್ಕಕ್ಕೆ ತಿರುಗಲಿಲ್ಲ. ತನ್ನ ಲೋಟ ತುಂಬಿಸಿದ. ಆಮೇಲೆ ಪಕ್ಕದವನ ಕೈಯಲ್ಲಿದ್ದ ಖಾಲಿ ಲೋಟವನ್ನೂ ಎಳೆದುಕೊಂಡು ತುಂಬಿಸಿದ.

“ಇದು ನನ್ನ ಲೋಟಾ ರೀ.”

“ಇರ್ಲಿ ಬಿಡ್ರಿ, ಇದು ನಮ್ಮ ತಮ್ಮನ ಗದ್ದಿ.” ಮೇಜಿನ ಮೇಲಿದ್ದ ಹೂವಿನ ಬಟ್ಟಲಿಗೂ ಕೈ ಹಾಕಿದ. “ಇದು ಲೀಜಿಗೆ ಹಾಕ್ಕೊಂಡದ್ದು.”

ಎರಡನೆಯವನು ಅವನ ಕೈಯಿಂದ ಜಗ್ ಕಿತ್ತುಕೊಂಡ. ಮೂರನೆಯವನು ಕುರ್ಚಿಯನ್ನೇ ಮುಂದಕ್ಕೆ ಎಳೆದ. ಸಾಲಿನ ನಡುವೆಯೇ ಜಗ್ ಬತ್ತಿತು. ಬಾಗಿಲ ಬಳಿಯವನು ಅದನ್ನು ತಲೆಕೆಳಗು ಮಾಡಿ ತೋರಿಸಿದ.

“ಅಕ್ಕಾರ, ಆಟ ಅಂದ್ರಿ. ನಮ್ಮೂರಾಗ ಇದು ಆಟ ಅಲ್ರಿ.”

ಮಹಾದೇವಿ ಜಮಖಾನೆಯಿಂದ ಎದ್ದಳು. “ನಮಗ ಲೋಟಾನ ಕೊಟ್ಟಿಲ್ಲ.”

“ನಿಮಗ ಕಾಲುವಿ ಎಲ್ಲೈತಿ? ನಿಮಗೇನು ಸಂಬಂಧ ಇದಕ್ಕ?” ಎಂದ ಸತ್ಯಣ್ಣ, ಎದೆಗೆ ಬಟ್ಟಲು ಅವಚಿಕೊಂಡು.

“ಸಂಬಂಧ? ನಿಮ್ಮ ಗದ್ದಿಗೆ ನಾಟಿ ಹಚ್ಚಾಕ ಟಂಟಂ ಗಾಡ್ಯಾಗ ತುಂಬಿಕೊಂಡು ಬರೂ ಹೆಣ್ಮಕ್ಕಳು ಯಾವೂರವರು? ನಮ್ಮವರು. ನೀವು ನಾಟಿ ಬಿಟ್ರ ಅವರು ಎಲ್ಲಿಗೆ ಹೋಗಬೇಕು? ನಿಮ್ಮ ಡ್ಯಾಮ್ ಅರ್ಧ ಆದ್ರ ನಮ್ಮ ಒಲಿ ಅರ್ಧ.”

ಗೋಡೆಗೆ ಒರಗಿದ್ದ ಪರಿಹಾರದವರಲ್ಲಿ ಒಬ್ಬ ಮೊಬೈಲ್ ಕಿಸೆಗೆ ಹಾಕಿದ. “ಹೌದ್ರಿ. ಹೊಳಿ ಬಂದಾಗ ಮಾತ್ರ ನಾವು ಹೋಗ್ತೀವಿ. ನಾಟಿ ತಪ್ಪಿದ ವರ್ಷ ಆ ಮಂದಿ ಕಡೆ ಯಾರೂ ಹೋಗೂದಿಲ್ಲ. ಅದಕ್ಕ ಕಂಬಳಿ ಕೊಟ್ರ ಏನು ಉಪಯೋಗ?”

ಅಲ್ಲಿಂದ ಮುಂದೆ ಜಗಳ. ಒಳ್ಳೆಯ, ದಪ್ಪ, ಖಾರದ ಜಗಳ. “ಗದ್ಲ ಮಾಡಿದ್ರ ಗೇಟ್ ಬಂದ್ ಮಾಡ್ತೀನಿ” ಎಂದು ಮಾಮ ಬೆದರಿಸಿದ. ಯಾರೂ ಕೇಳಲಿಲ್ಲ. ನಾನು ಪಾಠ ಹೇಳುವ ಅಗತ್ಯವೇ ಬರಲಿಲ್ಲ. ಚಾರ್ಟ್ ಹಾಳೆ ಹಾಸಿ ಮಾರ್ಕರ್ ಕೊಟ್ಟು, “ಮಳಿ ತಡ ಆದ ವರ್ಷ ಯಾರು ಯಾರಿಗೆ ಮೊದಲ ಫೋನ್ ಮಾಡ್ತೀರಿ, ಅದನ್ನ ಬರೀರಿ” ಎಂದೆ. ಕಾರಟಗಿಯವರೂ ಯಲಬುರ್ಗಾದವರೂ ಒಂದೇ ಹಾಳೆಯ ಮೇಲೆ ಬಗ್ಗಿ ಕೂತರು. ಚಹಾ ಬಂತು. ಯಾರೂ ಏಳಲಿಲ್ಲ. ತರಬೇತಿಯ ಲೋಕವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಸಂಜೆ ಪ್ರಮಾಣಪತ್ರ ಹಂಚುವ ಹೊತ್ತು. ಬೆಂಗಳೂರಿನಲ್ಲೇ ಅಚ್ಚು ಹಾಕಿಸಿ ತಂದಿದ್ದರು. ಎಡಗಡೆ ಮುಖ್ಯ ಕಚೇರಿಯವರ ಸಹಿ ಇತ್ತು. ಬಲಗಡೆ ‘ತರಬೇತುದಾರರು’ ಎಂದಿದ್ದ ಜಾಗ ಎಲ್ಲದರಲ್ಲೂ ಖಾಲಿ. ಮೇಡಮ್ ಕಟ್ಟನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟರು.

“ಸಹಿ ಮಾಡಿ. ನೀವೇ ಕೊಡಿ. ಮುಂದಿನದು ಗಂಗಾವತಿಯಲ್ಲಿ ಇಟ್ಟುಕೊಳ್ಳೋಣ. ಆ ಬಿಳಿ ಕರಡಿ ಬೇಡ.”

ನಾನು ಸಹಿ ಮಾಡತೊಡಗಿದೆ. ಬೇರೆ ಯಾರದೋ ಜಾಗದಲ್ಲಿ ಬರೆಯುತ್ತಿರುವವಳಂತೆ ಅಕ್ಷರಗಳನ್ನು ಚಿಕ್ಕದಾಗಿ ಹಿಡಿದೆ. ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡರು. ಸತ್ಯಣ್ಣ ಬಂದಾಗ ಚಪ್ಪಾಳೆಗಿಂತ ನಗೆಯೇ ಹೆಚ್ಚಾಗಿತ್ತು. ಕೊನೆಗೊಂದು ಹಾಳೆ ಉಳಿಯಿತು. ಮೇಡಮ್ ಮಾಮನ ಕಡೆ ನೋಡಿದರು.

“ಇವರದು ಯಾವ ತಾಲೂಕು?”

“ಇವರು ನಮ್ಮ ಮಾಮ ಮೇಡಮ್.”

“ಇರಲಿ. ಗೇಟ್ ನೋಡಿಕೊಂಡಿದ್ದಾರಲ್ಲ. ಕೊಡಿ.”

ಹೆಸರು ಬರೆದೆ, ಕೆಳಗೆ ಸಹಿ ಮಾಡಿದೆ. ಮಾಮ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡ. ಸಾಹೇಬರಿಂದ ಕಾಗದ ತೆಗೆದುಕೊಳ್ಳುವವರು ಹೇಗೆ ಬಗ್ಗುತ್ತಾರೋ ಹಾಗೆಯೇ, ಅಭ್ಯಾಸಬಲದಿಂದ, ಸ್ವಲ್ಪ ಬಗ್ಗಿದ. ಬಗ್ಗಿದವನು, ಎದುರಿಗಿರುವುದು ನಾನೆಂದು ನೆನಪಾಗಿ, ನೆಟ್ಟಗಾದ. ಹಾಳೆಯನ್ನು ಬೆಳಕಿಗೆ ಹಿಡಿದು ತನ್ನ ಹೆಸರು ಓದಿದ. ನನ್ನ ಹೆಸರು ಓದಿದ. ಬಹಳ ಹೊತ್ತು ಓದಿದ.

“ಗಿರಣ್ಯಾವ್ರಿಗೆ ಬ್ಯಾರೆ ಯಾರನ್ನರ ನೋಡಕೋರಿ ಅಂತ ನಾನ ಹೇಳ್ತೀನಿ” ಎಂದ. ಆಮೇಲೆ ನನ್ನ ಸಹಿಯ ಮೇಲೆ ಬೆರಳಿಟ್ಟ. “ಆದ್ರ ಇಷ್ಟ ಸಣ್ಣಗ ಮಾಡಬಾರ್ದು ದ್ಯಾಮಿ. ಸಾಹೇಬರ ಸಹಿ ಅಂದ್ರ ಅರ್ಧ ಹಾಳಿ ಹಿಡೀಬೇಕು.”